ಟಿಕ್ ಟಿಕ್ ಸದ್ದಿಲ್ಲದ ಸೈಕಲ್

ಮಕ್ಕಳ ಮೂರು ಗಾಲಿ ಸೈಕಲ್ ನೆನಪಿದೆಯಾ? ಪೆಡಲ್ ನೇರವಾಗಿ ಮುಂದಿನ ಗಾಲಿಗೇ ಸೇರಿಕೊಂಡಿರುತ್ತದೆ. ಗಾಲಿ ತಿರುಗಿದರೆ ಪೆಡಲ್ ತಿರುಗಲೇಬೇಕು. ಅಣ್ಣನೋ ಅಕ್ಕನೋ ಹಿಂದಿನಿಂದ ಜೋರಾಗಿ ತಳ್ಳಿದರೆ ಪೆಡಲ್ ಗಿರಗಿರನೆ ಸುತ್ತಿ ಕಾಲಿಗೆ ಬಡಿಯುತ್ತದೆ. ಅದಕ್ಕೇ ಮಗು ಎರಡೂ ಕಾಲನ್ನು ಅಗಲಿಸಿ ಗಾಳಿಯಲ್ಲಿ ಎತ್ತಿ ಹಿಡಿಯುತ್ತದೆ. ಹಿಂದಕ್ಕೆ ತುಳಿದರೆ ಸೈಕಲ್ ಹಿಂದಕ್ಕೇ ಹೋಗುತ್ತದೆ. ಫಿಕ್ಸೆಡ್ ಗೇರ್ ಅಂದರೆ ಇಷ್ಟೇ. ನಮ್ಮಲ್ಲಿ ಎಷ್ಟೋ ಜನ ಮೊದಲು ಹತ್ತಿದ್ದು ಅದನ್ನೇ.

ಆಮೇಲೆ ದೊಡ್ಡ ಸೈಕಲ್ ಬಂತು. ಗಂಟೆ ಲೆಕ್ಕದ ಬಾಡಿಗೆ ಸೈಕಲ್, ಇಲ್ಲವೇ ಅಪ್ಪನ ಸೈಕಲ್. ಸೀಟು ಎಟುಕದೆ ಒಳಪೆಡಲ್ ತುಳಿದು ಕಲಿತೆವು. ಇಳಿಜಾರಿನಲ್ಲಿ ಕಾಲು ನಿಲ್ಲಿಸಿದರೆ ಹಿಂದಿನಿಂದ ಟಿಕ್ ಟಿಕ್ ಟಿಕ್ ಅಂತ ಸದ್ದು. ಆ ಸದ್ದು ಮಾಡುವ ಭಾಗವೇ ಫ್ರೀವೀಲ್. ಒಂದೇ ಗೇರಿನ ಸೈಕಲ್ ಕಟ್ಟಿ ಓಡಿಸುವ ಬಗ್ಗೆ ನಾನು ಇಲ್ಲಿ ಹೇಳಹೊರಟಿರುವುದೆಲ್ಲ ಆ ಒಂದು ಸದ್ದಿನ ಸುತ್ತಲೇ ಇದೆ. ಅದನ್ನು ಸೈಕಲ್‌ನಿಂದ ತೆಗೆದುಹಾಕಿ ನೋಡಿ. ಹಲ್ಲಿನ ಲೆಕ್ಕ, ಚೈನಿನ ಬಿಗಿ, ಬ್ರೇಕು, ಕೊನೆಗೆ ಸೈಕಲ್ ಹತ್ತುವ ಇಳಿಯುವ ರೀತಿ ಕೂಡ ಬದಲಾಗುತ್ತದೆ.

ಫ್ರೀವೀಲ್ ಒಳಗೆ ಏನಿದೆ

ಫ್ರೀವೀಲ್ ಬಿಚ್ಚಿದರೆ ಎರಡು ಬಳೆ ಸಿಗುತ್ತವೆ. ಹೊರಗಿನ ಬಳೆಗೆ ಚೈನ್ ಕೂರುವ ಹಲ್ಲುಗಳಿವೆ. ಅದರ ಒಳಮೈಯಲ್ಲಿ ಗರಗಸದಂಥ ಓರೆ ಕಚ್ಚುಗಳಿವೆ. ಒಳಗಿನ ಬಳೆ ಗಾಲಿಯ ನಡುವಿನ ಭಾಗವಾದ ಹಬ್‌ಗೆ ತಿರುಪಿನಿಂದ ಕೂತಿರುತ್ತದೆ. ಅದರಲ್ಲಿ ಪುಟ್ಟ ನಾಲಿಗೆಗಳು, ಅವುಗಳ ಹಿಂದೆ ಕೂದಲಿನಷ್ಟು ಸಣ್ಣ ಸ್ಪ್ರಿಂಗ್. ಮುಂದಕ್ಕೆ ತುಳಿದಾಗ ನಾಲಿಗೆ ಕಚ್ಚಿಗೆ ಸಿಕ್ಕಿಕೊಂಡು ಗಾಲಿ ತಿರುಗುತ್ತದೆ. ಕಾಲು ನಿಲ್ಲಿಸಿದರೆ ಗಾಲಿ ತನ್ನ ಪಾಡಿಗೆ ಓಡುತ್ತದೆ, ನಾಲಿಗೆಗಳು ಕಚ್ಚುಗಳ ಮೇಲೆ ಜಾರುತ್ತವೆ. ಟಿಕ್ ಟಿಕ್ ಅನ್ನುವುದು ಆ ಜಾರಾಟದ ಸದ್ದು.

ಒಂದೇ ಗೇರು ಇದ್ದು ಫ್ರೀವೀಲ್ ಕೂಡ ಇದ್ದರೆ ಅದು ಸಿಂಗಲ್ ಸ್ಪೀಡ್. ಹೆಸರು ಹೊಸದಾಗಿ ಕೇಳಿಸಬಹುದು. ಆದರೆ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹೂವಿನ ಬುಟ್ಟಿ ಹೊತ್ತು ಓಡಾಡಿದ ನಮ್ಮ ಅಟ್ಲಾಸ್, ಹೀರೋ, ಹರ್ಕ್ಯುಲಿಸ್‌ಗಳೆಲ್ಲ ಸಿಂಗಲ್ ಸ್ಪೀಡೇ. ಒಂದೇ ಗೇರು ಇದ್ದು, ಫ್ರೀವೀಲ್ ಇಲ್ಲದೆ, ಹಲ್ಲುಚಕ್ರ ಹಬ್‌ಗೇ ಬಿಗಿದಿದ್ದರೆ ಅದು ಫಿಕ್ಸೆಡ್ ಗೇರ್. ಇದರಲ್ಲಿ ಸೈಕಲ್ ಓಡುವವರೆಗೂ ಕಾಲು ತಿರುಗುತ್ತಲೇ ಇರಬೇಕು.

ಮೊದಲಿಗೆ ಪೆಡಲ್ ಸೈಕಲ್‌ಗಳೆಲ್ಲ ಹೆಚ್ಚುಕಮ್ಮಿ ಹೀಗೇ ಇದ್ದವು. ಮುಂದೆ ಭಾರಿ ಗಾಲಿ, ಹಿಂದೆ ಪುಟ್ಟ ಗಾಲಿ ಇದ್ದ ಪೆನ್ನಿ ಫಾರ್ದಿಂಗ್ ಚಿತ್ರ ನೋಡಿರುತ್ತೀರಿ. ಅದರ ಪೆಡಲ್ ಮುಂದಿನ ಗಾಲಿಗೇ ಇತ್ತು. ಇಳಿಜಾರು ಬಂದಾಗ ಸವಾರರು ಎರಡೂ ಕಾಲನ್ನು ಹ್ಯಾಂಡಲ್ ಮೇಲೆ ಹಾಕಿಕೊಂಡು ಕೂರುತ್ತಿದ್ದರು. ಥೇಟ್ ನಮ್ಮ ಮೂರು ಗಾಲಿ ಸೈಕಲ್ ಮಗುವಿನ ಹಾಗೆ. 1885ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಸೈಕಲ್ ತಂದರು. ಎರಡು ಗಾಲಿಯೂ ಹೆಚ್ಚುಕಮ್ಮಿ ಸಮ, ಚೈನಿನಿಂದ ಹಿಂದಿನ ಗಾಲಿಗೆ ಓಟ. ಇವತ್ತಿನ ಸೈಕಲ್‌ನ ರೂಪ ಅಲ್ಲಿಂದ ಬಂತು. ಅದು ಕೂಡ ಫಿಕ್ಸೆಡ್ ಗೇರೇ. ಫ್ರೀವೀಲ್ ಎಲ್ಲ ಕಡೆ ಹರಡಿದ್ದು 19ನೇ ಶತಮಾನ ಮುಗಿಯುವ ಹೊತ್ತಿಗೆ.

ಗೇರು ಬದಲಿಸುವ ಡಿರೇಲರ್ ಬಂದ ಮೇಲೂ ಟೂರ್ ಡಿ ಫ್ರಾನ್ಸ್ ರೇಸಿನಲ್ಲಿ ಅದಕ್ಕೆ ಒಪ್ಪಿಗೆ ಸಿಗಲು 1937ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಸವಾರರು ಹಿಂದಿನ ಗಾಲಿಯ ಎರಡೂ ಬದಿಗೆ ಬೇರೆ ಬೇರೆ ಹಲ್ಲಿನ ಚಕ್ರ ಹಾಕಿಸಿಕೊಳ್ಳುತ್ತಿದ್ದರು. ಬೆಟ್ಟದ ಬುಡದಲ್ಲಿ ಇಳಿದು, ನಟ್ಟು ಬಿಚ್ಚಿ, ಗಾಲಿಯನ್ನು ತಿರುಗಿಸಿ ಹಾಕಿ ಮತ್ತೆ ಹೊರಡುತ್ತಿದ್ದರು. ಹೀಗೆ ತಿರುಗಿಸಿ ಹಾಕಬಹುದಾದ ಗಾಲಿಯ ವಿಷಯ ಮುಂದೆ ಮತ್ತೆ ಬರುತ್ತದೆ. ನೆನಪಿಟ್ಟುಕೊಳ್ಳಿ.

ಹಲ್ಲಿನ ಲೆಕ್ಕ

ಗೇರಿನ ಸೈಕಲ್‌ನಲ್ಲಿ ತಪ್ಪು ಗೇರಿಗೆ ಬಿದ್ದರೆ ಬೆರಳಾಡಿಸಿ ಸರಿ ಮಾಡಿಕೊಳ್ಳಬಹುದು. ಇಲ್ಲಿ ಹಾಗಿಲ್ಲ. ಕಟ್ಟುವಾಗ ಆರಿಸಿದ ಗೇರಿನಲ್ಲೇ ಏರು, ಇಳಿಜಾರು, ಎದುರುಗಾಳಿ ಎಲ್ಲವನ್ನೂ ದಾಟಬೇಕು. ಹಾಗಾಗಿ ಹಣ ಖರ್ಚು ಮಾಡುವ ಮೊದಲು ಒಂದು ಪೆನ್ನು, ಹಾಳೆ ತಗೊಂಡು ಕೂರಿ.

ಮುಂದಿನ ಚೈನ್‌ವೀಲ್‌ನ ಹಲ್ಲು ಎಣಿಸಿ. ಹಿಂದಿನದರ ಹಲ್ಲು ಎಣಿಸಿ. ಮುಂದಿನದನ್ನು ಹಿಂದಿನದರಿಂದ ಭಾಗಿಸಿ. ಮುಂದೆ 44, ಹಿಂದೆ 18 ಇದ್ದರೆ 2.44 ಬರುತ್ತದೆ. ಅಂದರೆ ಪೆಡಲ್ ಒಂದು ಸುತ್ತು ಬಂದಾಗ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ಬರುತ್ತದೆ.

ಇನ್ನು ಗಾಲಿಯ ಸುತ್ತಳತೆ. ಟೈರಿನ ಮೇಲೆ ಸೀಮೆಸುಣ್ಣದಿಂದ ಒಂದು ಗುರುತು ಹಾಕಿ, ಆ ಗುರುತು ನೆಲಕ್ಕೆ ತಾಗಿದಲ್ಲಿ ನೆಲಕ್ಕೂ ಒಂದು ಗುರುತು ಹಾಕಿ. ಸೈಕಲ್ ನೂಕಿ, ಟೈರಿನ ಗುರುತು ಮತ್ತೆ ನೆಲಕ್ಕೆ ಬಂದಲ್ಲಿ ಇನ್ನೊಂದು. ಎರಡರ ನಡುವಿನ ದೂರವೇ ಸುತ್ತಳತೆ. 700 ಅಳತೆಯ ರೋಡ್ ಸೈಕಲ್ ಗಾಲಿಗೆ ಸುಮಾರು 2.1 ಮೀಟರ್ ಬರುತ್ತದೆ. 2.44ನ್ನು 2.1ರಿಂದ ಗುಣಿಸಿದರೆ 5.1 ಮೀಟರ್. ಒಂದು ಸುತ್ತು ತುಳಿದರೆ ಸೈಕಲ್ ಅಷ್ಟು ದೂರ ಹೋಗುತ್ತದೆ.

ಸಮತಟ್ಟಾದ ರಸ್ತೆಯಲ್ಲಿ ಆರಾಮವಾಗಿ ತುಳಿಯುವವರ ಕಾಲು ನಿಮಿಷಕ್ಕೆ 80 ಸುತ್ತು ಬರುತ್ತದೆ ಅಂದುಕೊಳ್ಳಿ. ಆಗ ಗಂಟೆಗೆ ಸುಮಾರು 25 ಕಿ.ಮೀ. ವೇಗ. ಅದೇ ಕಾಲು, ಅದೇ 80 ಸುತ್ತು, ಆದರೆ ಮುಂದೆ 48, ಹಿಂದೆ 16 ಹಲ್ಲು ಇದ್ದರೆ 30 ಕಿ.ಮೀ. ಕೇಳಲು ಚೆನ್ನಾಗಿದೆ ಅಲ್ವಾ? ಈಗ ಏರು ಬರಲಿ. ವೇಗ ಗಂಟೆಗೆ 10 ಕಿ.ಮೀ.ಗೆ ಇಳಿದಾಗ ಈ 48/16ರಲ್ಲಿ ಕಾಲು ನಿಮಿಷಕ್ಕೆ 26 ಸುತ್ತು ಮಾತ್ರ ಬರುತ್ತದೆ. ಒಂದೊಂದು ಸುತ್ತೂ ಮೂಟೆ ಎತ್ತಿದ ಹಾಗೆ. ಇಡೀ ಭಾರ ಮಂಡಿಯ ಮೇಲೆ ಬೀಳುತ್ತದೆ. 42/18 ಆಗಿದ್ದರೆ ಅದೇ ಏರಿನಲ್ಲಿ 34 ಸುತ್ತು ಬರುತ್ತಿತ್ತು. ಆಗಲೂ ಕಷ್ಟವೇ, ಆದರೆ ಹತ್ತಬಹುದು.

ಸಿಂಗಲ್ ಸ್ಪೀಡ್‌ಗೆ ಏರಿನ ಲೆಕ್ಕ ಹಾಕಿದರೆ ಸಾಕು. ಇಳಿಜಾರಿನಲ್ಲಿ ಕಾಲು ನಿಲ್ಲಿಸಿ ಕೂರಬಹುದು. ಫಿಕ್ಸೆಡ್‌ನಲ್ಲಿ ಇಳಿಜಾರಿನ ಲೆಕ್ಕವನ್ನೂ ಹಾಕಬೇಕು. 44/18ರಲ್ಲಿ ಗಂಟೆಗೆ 45 ಕಿ.ಮೀ. ವೇಗದಲ್ಲಿ ಇಳಿದರೆ ಕಾಲು ನಿಮಿಷಕ್ಕೆ ಸುಮಾರು 146 ಸುತ್ತು ಸುತ್ತಬೇಕು. ಸೆಕೆಂಡಿಗೆ ಎರಡೂವರೆ ಸುತ್ತಿನ ಹತ್ತಿರ. ಅಭ್ಯಾಸ ಇಲ್ಲದವರು ಸೀಟಿನ ಮೇಲೆ ಕುಪ್ಪಳಿಸತೊಡಗುತ್ತಾರೆ. ಹಗುರ ಗೇರ್ ಹಾಕಿದರೆ ಇಳಿಜಾರಿನಲ್ಲಿ ಕಾಲು ಹಾರುತ್ತದೆ, ಭಾರದ ಗೇರ್ ಹಾಕಿದರೆ ಏರಿನಲ್ಲಿ ಮಂಡಿ ಸೋಲುತ್ತದೆ. ಇವೆರಡರ ನಡುವೆ ನಿಮ್ಮ ಊರಿನ ರಸ್ತೆಗೆ ಹೊಂದುವ ಸಂಖ್ಯೆ ಹುಡುಕಬೇಕು.

ವಿಜಯಪುರ, ಬಾಗಲಕೋಟೆ ಕಡೆಯಿಂದ ಎಷ್ಟೋ ಒಳ್ಳೆಯ ಸೈಕಲ್ ರೇಸ್‌ಗಾರರು ಬಂದಿದ್ದಾರೆ. ಅಲ್ಲಿನ ಬಯಲು ರಸ್ತೆಯಲ್ಲಿ 2.8ರ ಗೇರು ಸಲೀಸು. ಬೆಂಗಳೂರು ಹಾಗಲ್ಲ. ನಡೆಯುವಾಗ ಗೊತ್ತಾಗದ ಏರು ತಗ್ಗುಗಳೆಲ್ಲ ಸೈಕಲ್‌ನಲ್ಲಿ ಕಾಲಿಗೆ ಗೊತ್ತಾಗುತ್ತವೆ. ಇಲ್ಲಿಗೆ ನಾನು 2.4ರಿಂದ 2.6ರ ಒಳಗೆ ಇರಿ ಅನ್ನುತ್ತೇನೆ. ಮಂಗಳೂರು, ಮಡಿಕೇರಿಯಲ್ಲಿ ಇರುವವರಿಗೆ ಫಿಕ್ಸೆಡ್ ಗೇರ್ ಬೇಡ ಅಂತಲೇ ನನ್ನ ಸಲಹೆ. ಸಿಂಗಲ್ ಸ್ಪೀಡ್ ಬೇಕೇ ಬೇಕು ಅಂದರೆ 2.2ರ ಹತ್ತಿರ ಇಟ್ಟುಕೊಳ್ಳಿ.

ಹಲ್ಲಿನ ಲೆಕ್ಕದಲ್ಲಿ ಇನ್ನೊಂದು ಸೊಗಸಾದ ವಿಷಯವಿದೆ. ಫಿಕ್ಸೆಡ್ ಸವಾರರು ಮೈಭಾರವನ್ನು ಮುಂದಕ್ಕೆ ಹಾಕಿ, ಕಾಲನ್ನು ಗಟ್ಟಿಯಾಗಿ ತಡೆದು ಹಿಂದಿನ ಗಾಲಿಯನ್ನು ಜಾರಿಸುವುದು ನೋಡಿರಬಹುದು. ಪ್ರತಿ ಸಲವೂ ಎಡ ಬಲ ಪೆಡಲ್‌ಗಳು ಅಡ್ಡಕ್ಕೆ ಸಮನಾಗಿ ಬಂದಾಗಲೇ ಕಾಲು ತಡೆಯುವುದು. 48/16ರಲ್ಲಿ ಪೆಡಲ್ ಒಂದು ಸುತ್ತು ಬಂದರೆ ಗಾಲಿ ಸರಿಯಾಗಿ ಮೂರು ಸುತ್ತು. ಹಾಗಾಗಿ ಒಂದೇ ಕಾಲನ್ನು ಮುಂದಿಟ್ಟು ಯಾವಾಗ ತಡೆದರೂ ನೆಲಕ್ಕೆ ಉಜ್ಜುವುದು ಟೈರಿನ ಅದೇ ಒಂದು ಜಾಗ. ಕೆಲವೇ ದಿನಕ್ಕೆ ಅಲ್ಲಿ ದಾರ ಕಾಣಿಸುತ್ತದೆ. 46/16 ಮಾಡಿ ನೋಡಿ. ಎರಡರಿಂದ ಭಾಗಿಸಿದರೆ 23/8. ಕೆಳಗಿನ ಸಂಖ್ಯೆ 8, ಅಂದರೆ ಸವೆತ ಟೈರಿನ 8 ಜಾಗಗಳಿಗೆ ಹಂಚಿಹೋಗುತ್ತದೆ. ಒಮ್ಮೆ ಬಲಗಾಲು ಮುಂದೆ, ಒಮ್ಮೆ ಎಡಗಾಲು ಮುಂದೆ ಇಟ್ಟು ತಡೆಯುವವರಾದರೆ 16 ಜಾಗ, ಯಾಕೆಂದರೆ ಮೇಲಿನ 23 ಬೆಸ ಸಂಖ್ಯೆ. 44/17ರಲ್ಲಿ ಯಾವುದರಿಂದಲೂ ಭಾಗವಾಗದು, 17 ಜಾಗ ಸಿಗುತ್ತವೆ. ಶಾಲೆಯಲ್ಲಿ ಭಿನ್ನರಾಶಿಯನ್ನು ಚಿಕ್ಕದು ಮಾಡುವುದು ಕಲಿತೆವಲ್ಲ, ಅದು ಹೀಗೆ ಟೈರಿನ ಆಯಸ್ಸು ಹೇಳುತ್ತದೆ. ನನಗೆ ಇದು ಮೊದಲು ಅರ್ಥವಾದ ದಿನ ಮನೆಯಲ್ಲಿದ್ದ ಎಲ್ಲ ಚಕ್ರಗಳ ಹಲ್ಲನ್ನೂ ಕೂತು ಎಣಿಸಿದ್ದೆ.

ಯಾವ ಫ್ರೇಮ್ ಆಗುತ್ತದೆ

ಫ್ರೇಮ್ ಆರಿಸುವಾಗ ಬಣ್ಣ, ಹೆಸರು ಆಮೇಲೆ. ಮೊದಲು ಹಿಂದಿನ ಗಾಲಿಯ ಎಕ್ಸೆಲ್ ಕೂರುವ ಸೀಳು ನೋಡಿ.

ಗೇರಿನ ಸೈಕಲ್‌ನಲ್ಲಿ ಡಿರೇಲರ್‌ನ ತೋಳು ಚೈನಿನ ಸಡಿಲವನ್ನು ಎಳೆದು ಹಿಡಿದಿರುತ್ತದೆ. ಒಂದೇ ಗೇರಿನ ಸೈಕಲ್‌ನಲ್ಲಿ ಆ ತೋಳಿಲ್ಲ. ಗಾಲಿಯನ್ನೇ ಹಿಂದಕ್ಕೆ ಎಳೆದು ಚೈನ್ ಬಿಗಿ ಮಾಡಬೇಕು. ಅದಕ್ಕೆ ಸೀಳು ಅಡ್ಡಕ್ಕೆ, ಉದ್ದವಾಗಿ ಇರಬೇಕು. ನಮ್ಮ ಹಳೇ ಸೈಕಲ್‌ಗಳಲ್ಲಿ ಹಾಗೇ ಇದೆ. ಚೈನ್ ಜೋತುಬಿದ್ದರೆ ಅಂಗಡಿಯವರು ಎರಡೂ ಕಡೆ ನಟ್ಟು ಸಡಿಲಿಸಿ, ಗಾಲಿ ಎಳೆದು, ಮತ್ತೆ ಬಿಗಿಯುವುದನ್ನು ನೋಡಿರುತ್ತೀರಿ. ಹೊಸ ಗೇರ್ ಸೈಕಲ್‌ಗಳಲ್ಲಿ ಸೀಳು ಮೇಲಿಂದ ಕೆಳಕ್ಕೆ ನೇರವಾಗಿ ಇರುತ್ತದೆ. ಗಾಲಿ ಹಿಂದೆ ಮುಂದೆ ಸರಿಯುವುದೇ ಇಲ್ಲ. ಅಂಥ ಫ್ರೇಮಿಗೆ ಚೈನ್ ಟೆನ್ಷನರ್ ಅನ್ನುವ ಪುಟ್ಟ ತೋಳು ಹಾಕಿ ಸಿಂಗಲ್ ಸ್ಪೀಡ್ ಮಾಡಬಹುದು. ಟೆನ್ಷನರ್ ಹಾಕಿ ಫಿಕ್ಸೆಡ್ ಮಾಡಲು ಮಾತ್ರ ಆಗದು. ಫಿಕ್ಸೆಡ್‌ನಲ್ಲಿ ಕಾಲು ತಡೆದಾಗ ಎಳೆತ ಚೈನಿನ ಕೆಳಭಾಗಕ್ಕೆ ಬರುತ್ತದೆ. ಟೆನ್ಷನರ್ ಕೂತಿರುವುದು ಅಲ್ಲೇ. ಅದು ಬಾಗುತ್ತದೆ, ಇಲ್ಲವೇ ಮುರಿದು ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ.

ಸೀಳು ಎಷ್ಟು ಉದ್ದ ಬೇಕು? ಚೈನಿನ ಒಂದು ಕೊಂಡಿ ಅರ್ಧ ಇಂಚು. ಆದರೆ ಅಗಲದ ಕೊಂಡಿ, ಕಿರಿದಾದ ಕೊಂಡಿ ಜೋಡಿಯಾಗಿ ಇರುವುದರಿಂದ ತೆಗೆಯುವಾಗ ಎರಡನ್ನೂ ಒಟ್ಟಿಗೇ ತೆಗೆಯಬೇಕು. ಒಂದು ಇಂಚು ಚೈನ್ ಹೋಯಿತು. ಚೈನ್ ಮೇಲೆ ಕೆಳಗೆ ಎರಡು ಸಾಲಾಗಿ ಓಡುವುದರಿಂದ ಗಾಲಿ ಮುಂದಕ್ಕೆ ಬರುವುದು ಅದರ ಅರ್ಧ. ಹಾಗಾಗಿ ಎಕ್ಸೆಲ್‌ಗೆ ಕನಿಷ್ಠ ಅರ್ಧ ಇಂಚು ಓಡಾಡಲು ಜಾಗ ಬೇಕು.

ಇನ್ನು ಚೈನ್ ನೇರವಾಗಿ ಓಡಬೇಕು. ಸೈಕಲ್‌ನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಚೈನಿನ ಗುಂಟ ನೋಡಿ. ಮುಂದಿನ ಹಲ್ಲು, ಹಿಂದಿನ ಹಲ್ಲು ಒಂದೇ ಗೆರೆಯಲ್ಲಿ ಕಾಣಬೇಕು. ಓರೆಯಾದರೆ ಮೊದಲು ಸದ್ದು ಬರುತ್ತದೆ, ಆಮೇಲೆ ಹಲ್ಲು ಸವೆಯುತ್ತದೆ, ಒಂದು ದಿನ ಚೈನ್ ಕಳಚುತ್ತದೆ. ಸಿಂಗಲ್ ಸ್ಪೀಡ್‌ನಲ್ಲಿ ಚೈನ್ ಕಳಚಿದರೆ ಕೈಗೆ ಗ್ರೀಸ್ ಅಂಟಿಸಿಕೊಂಡು ಮತ್ತೆ ಹಾಕಿದರಾಯಿತು. ಫಿಕ್ಸೆಡ್‌ನಲ್ಲಿ ಕಳಚಿದ ಚೈನ್ ಹಬ್‌ಗೆ ಸುತ್ತಿ ಗಾಲಿಯನ್ನೇ ಹಿಡಿದು ನಿಲ್ಲಿಸಬಹುದು. ಬೀಳುವುದು ಖಂಡಿತ.

ಅದಕ್ಕೇ ಬಿಗಿಯ ವಿಷಯದಲ್ಲಿ ಆತುರ ಬೇಡ. ಯಾವ ಚೈನ್‌ವೀಲ್ ಕೂಡ ಪೂರ್ತಿ ದುಂಡಗೆ ಇರುವುದಿಲ್ಲ. ಪೆಡಲನ್ನು ನಿಧಾನವಾಗಿ ತಿರುಗಿಸಿದರೆ ಚೈನ್ ಒಂದು ಕಡೆ ಬಿಗಿಯಾಗುತ್ತದೆ, ಇನ್ನೊಂದು ಕಡೆ ಸಡಿಲವಾಗುತ್ತದೆ. ಅತಿ ಬಿಗಿಯಾದ ಜಾಗ ಹುಡುಕಿ ಅಲ್ಲಿ ನಿಲ್ಲಿಸಿ. ಚೈನಿನ ನಡುವೆ ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಸುಮಾರು ಅರ್ಧ ಇಂಚು ಆಡಿದರೆ ಸರಿ. ಸ್ವಲ್ಪವೂ ಆಡದಿದ್ದರೆ ಬೇರಿಂಗ್ ಗುಂಡುಗಳಿಗೆ ಪೆಟ್ಟು. ಒಂದು ಇಂಚಿಗಿಂತ ಜಾಸ್ತಿ ಆಡಿದರೆ ಕಳಚುವ ಭಯ.

ಉಲ್ಟಾ ತಿರುಪಿನ ಬಳೆ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ನಮ್ಮಲ್ಲಿ ಫಿಕ್ಸೆಡ್ ಮಾಡಲು ಹೋದವರು ಜಾಸ್ತಿ ಎಡವುವುದು ಇಲ್ಲೇ.

ಸಾಮಾನ್ಯ ಹಬ್‌ನಲ್ಲಿ ಫ್ರೀವೀಲ್ ಬಲತಿರುಪಿನಿಂದ, ಅಂದರೆ ಬಲಕ್ಕೆ ತಿರುಗಿಸಿದರೆ ಬಿಗಿಯಾಗುವ ತಿರುಪಿನಿಂದ ಕೂರುತ್ತದೆ. ಮುಂದಕ್ಕೆ ತುಳಿದಷ್ಟೂ ಇನ್ನೂ ಬಿಗಿಯಾಗುತ್ತದೆ. ಅದು ಬಿಚ್ಚಿಕೊಳ್ಳುವ ಪ್ರಶ್ನೆಯೇ ಇಲ್ಲ, ಯಾಕೆಂದರೆ ಹಿಂದಕ್ಕೆ ತುಳಿದಾಗ ಅದು ಸುಮ್ನೆ ಟಿಕ್ ಟಿಕ್ ಅನ್ನುತ್ತದೆ. ಈಗ ಅದರ ಜಾಗದಲ್ಲಿ ಗಟ್ಟಿ ಹಲ್ಲುಚಕ್ರ ಕೂರಿಸಿದಿರಿ ಅಂತಿಟ್ಟುಕೊಳ್ಳಿ. ಮುಂದಕ್ಕೆ ತುಳಿದಾಗ ಅದೂ ಬಿಗಿಯಾಗುತ್ತದೆ. ವೇಗ ತಗ್ಗಿಸಲು ಕಾಲು ತಡೆದ ಕೂಡಲೇ ಎಳೆತ ಉಲ್ಟಾ ಆಗುತ್ತದೆ. ನಿಮ್ಮ ಕಾಲಿನ ಬಲವೇ ಅದನ್ನು ಹಬ್‌ನಿಂದ ಬಿಚ್ಚಲು ನೋಡುತ್ತದೆ.

ಅಂಕಣದ ರೇಸಿನ ಫಿಕ್ಸೆಡ್ ಸೈಕಲ್‌ಗಳಲ್ಲಿ ಇರುವ ಟ್ರ್ಯಾಕ್ ಹಬ್ ಇದಕ್ಕೆ ಉತ್ತರ ಕಂಡುಕೊಂಡಿದೆ. ಅದರಲ್ಲಿ ಎರಡು ಮೆಟ್ಟಿಲಿನ ಹಾಗೆ ಎರಡು ತಿರುಪು ಇರುತ್ತವೆ. ಒಳಗಿನ ದಪ್ಪ ಮೆಟ್ಟಿಲು ಬಲತಿರುಪು, ಹಲ್ಲುಚಕ್ರ ಅಲ್ಲಿ ಕೂರುತ್ತದೆ. ಹೊರಗಿನ ಸಣ್ಣ ಮೆಟ್ಟಿಲು ಎಡತಿರುಪು, ಅಲ್ಲಿ ಲಾಕ್‌ರಿಂಗ್ ಅನ್ನುವ ಬಳೆ ಕೂರುತ್ತದೆ. ಕಾಲು ತಡೆದಾಗ ಹಲ್ಲುಚಕ್ರ ಬಿಚ್ಚಿಕೊಳ್ಳಲು ತಿರುಗಿದರೆ ಅದಕ್ಕೆ ಒತ್ತಿ ಕೂತ ಲಾಕ್‌ರಿಂಗ್ ಕೂಡ ಅದೇ ಕಡೆ ತಿರುಗಬೇಕು. ಆ ಕಡೆ ತಿರುಗಿದರೆ ಲಾಕ್‌ರಿಂಗ್ ಇನ್ನೂ ಬಿಗಿಯಾಗುತ್ತದೆ. ಹೀಗೆ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಎಡ ಪೆಡಲ್‌ಗೆ ಉಲ್ಟಾ ತಿರುಪು ಇರುವುದು ಗೊತ್ತಲ್ಲ. ಅದೂ ತುಳಿಯುತ್ತಾ ತುಳಿಯುತ್ತಾ ಬಿಚ್ಚಿಕೊಳ್ಳಬಾರದು ಅಂತಲೇ.

ಟ್ರ್ಯಾಕ್ ಹಬ್ ದುಬಾರಿ ಅನ್ನಿಸಿ ಕೆಲವರು ಸುಲಭದ ದಾರಿ ಹಿಡಿಯುತ್ತಾರೆ. ಸಾಮಾನ್ಯ ಹಬ್‌ಗೇ ಗಟ್ಟಿ ಚಕ್ರ ತಿರುಗಿಸಿ ಗೋಂದು ಹಾಕುತ್ತಾರೆ. ಇಲ್ಲವೇ ಹಳೇ ಫ್ರೀವೀಲ್‌ಗೆ ವೆಲ್ಡಿಂಗ್ ಮಾಡಿಸಿ, ಒಳಗಿನ ನಾಲಿಗೆ ಅಲ್ಲಾಡದ ಹಾಗೆ ಮಾಡುತ್ತಾರೆ. ನಾನೂ ವೆಲ್ಡಿಂಗ್ ಮಾಡಿಸಿದ ಫ್ರೀವೀಲ್ ಹಾಕಿ ಒಂದು ತಿಂಗಳು ಓಡಿಸಿದ್ದೆ. ವೆಲ್ಡಿಂಗ್ ಬಹಳ ಗಟ್ಟಿಯಾಗಿತ್ತು. ಆದರೆ ಒಂದು ಸಂಜೆ ಇಳಿಜಾರಿನಲ್ಲಿ ಕಾಲು ತಡೆದಾಗ ಹಿಂದೆ ಏನೋ ಸಡಿಲವಾದ ಹಾಗಾಯಿತು. ಮರುಕ್ಷಣ ಪೆಡಲ್ ಹಿಂದಕ್ಕೆ ಸುತ್ತಿತು, ಗಾಲಿ ಮುಂದಕ್ಕೆ ಓಡುತ್ತಲೇ ಇತ್ತು. ಇಡೀ ಫ್ರೀವೀಲ್ ಹಬ್‌ನಿಂದ ಬಿಚ್ಚಿಕೊಳ್ಳುತ್ತಿತ್ತು. ಮುಂದಿನ ಬ್ರೇಕ್ ಇದ್ದಿದ್ದರಿಂದ ನಿಂತೆ. ವೆಲ್ಡಿಂಗ್ ಫ್ರೀವೀಲ್‌ನ ಒಳಗಿನ ಬಳೆ, ಹೊರಗಿನ ಬಳೆಗಳನ್ನು ಒಂದು ಮಾಡುತ್ತದೆ, ಅಷ್ಟೇ. ಹಬ್‌ಗೂ ಫ್ರೀವೀಲ್‌ಗೂ ನಡುವಿನ ತಿರುಪನ್ನು ಅದು ಕಾಯುವುದಿಲ್ಲ. ಇಂಥ ಲಾಕ್‌ರಿಂಗ್ ಇಲ್ಲದ ಹಬ್‌ಗೆ ಇಂಗ್ಲಿಷ್ ಮಾತಾಡುವ ಸವಾರರು ಸೂಯಿಸೈಡ್ ಹಬ್ ಅಂತಲೇ ಹೆಸರಿಟ್ಟಿದ್ದಾರೆ.

ಹಣ ಉಳಿಸಬೇಕು ಅಂದರೆ ಸೀಟಿನಲ್ಲಿ ಉಳಿಸಿ, ಹ್ಯಾಂಡಲ್‌ನಲ್ಲಿ ಉಳಿಸಿ, ಬಣ್ಣ ಹೊಡೆಸದೇ ಬಿಡಿ. ಹಿಂದಿನ ಹಬ್ ಮಾತ್ರ ಸರಿಯಾದದ್ದೇ ತಗೊಳ್ಳಿ. ಒಂದು ಅಳತೆ ನೋಡಿಕೊಳ್ಳಿ: ಟ್ರ್ಯಾಕ್ ಹಬ್‌ಗಳು ಸಾಮಾನ್ಯವಾಗಿ 120 ಮಿ.ಮೀ. ಅಗಲದವು. ನಿಮ್ಮ ಫ್ರೇಮಿನ ಹಿಂದಿನ ಎರಡು ಕಂಬಿಗಳ ನಡುವಿನ ಜಾಗ ಅಳೆದು, ಅಂಗಡಿಯವರಿಗೆ ಅದನ್ನು ಹೇಳಿ ಕೊಳ್ಳಿ.

ಬ್ರೇಕ್ ಬೇಕಾ?

ಬೇಕು. ಸಿಂಗಲ್ ಸ್ಪೀಡ್‌ಗೆ ಎರಡೂ ಬೇಕು. ಫಿಕ್ಸೆಡ್‌ಗೆ ಕನಿಷ್ಠ ಮುಂದಿನದು ಬೇಕೇ ಬೇಕು.

ಬ್ರೇಕ್ ಇಲ್ಲದ ಫಿಕ್ಸೆಡ್ ಸೈಕಲ್ ಎಲ್ಲಿಂದ ಬಂತು ಅಂತ ತಿಳಿದರೆ ಅದು ನಮ್ಮ ರಸ್ತೆಗೆ ಯಾಕೆ ಹೊಂದದು ಅನ್ನುವುದೂ ತಿಳಿಯುತ್ತದೆ. ವೆಲೋಡ್ರೋಮ್ ಅಂದರೆ ಬಾಣಲೆಯ ಅಂಚಿನ ಹಾಗೆ ವಾಲಿದ ರೇಸಿನ ಅಂಕಣ. ಒಲಿಂಪಿಕ್ಸ್‌ನಲ್ಲಿ ಅದರ ಒಂದು ಸುತ್ತು 250 ಮೀಟರ್. ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ. ಅಡ್ಡ ಬರುವವರು ಯಾರೂ ಇಲ್ಲ. ಗೇಣು ಅಂತರದಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗುವಾಗ ಒಬ್ಬ ಗಕ್ಕನೆ ಬ್ರೇಕ್ ಹಿಡಿದರೆ ಹಿಂದಿನವರೆಲ್ಲ ಅವನ ಮೇಲೆ ಬೀಳುತ್ತಾರೆ. ಅಲ್ಲಿ ಬ್ರೇಕ್ ಇಲ್ಲದಿರುವುದೇ ಎಲ್ಲರಿಗೂ ಕ್ಷೇಮ. ಜಪಾನಿನ ಕೊಕುರಾದಲ್ಲಿ 1948ರಲ್ಲಿ ಶುರುವಾದ ಕೇರಿನ್ ರೇಸಿನಲ್ಲೂ ಹೀಗೇ. ಕೇರಿನ್ 2000ದ ಸಿಡ್ನಿ ಒಲಿಂಪಿಕ್ಸ್‌ಗೂ ಬಂತು. ನಗರದ ಕೊರಿಯರ್ ಸವಾರರು ಈ ಟ್ರ್ಯಾಕ್ ಸೈಕಲ್‌ಗಳನ್ನು ರಸ್ತೆಗೆ ತಂದರು, ಅವರನ್ನು ನೋಡಿ ಉಳಿದವರೂ ತಂದರು. ಸೈಕಲ್ ಬಂತು, ಅದರ ಅಂಕಣ ಮಾತ್ರ ರಸ್ತೆಗೆ ಬರಲಿಲ್ಲ. ನಮ್ಮ ರಸ್ತೆಯಲ್ಲಿ ಆಟೋ ಎಡಕ್ಕೆ ತಿರುಗುತ್ತದೆ, ನಾಯಿ ಅಡ್ಡ ಬರುತ್ತದೆ, ನಿಂತ ಕಾರಿನ ಬಾಗಿಲು ತೆರೆಯುತ್ತದೆ.

ಕಾಲಿನಿಂದಲೇ ನಿಲ್ಲಿಸುತ್ತೇನೆ ಅನ್ನುವವರಿಗೆ ಒಂದು ಲೆಕ್ಕ. ನಿಲ್ಲಿಸುವಾಗ ಮೈಭಾರ ಮುಂದಿನ ಗಾಲಿಗೆ ಹೋಗುತ್ತದೆ, ಹಿಂದಿನ ಗಾಲಿ ಹಗುರವಾಗುತ್ತದೆ. ಹಗುರವಾದ ಗಾಲಿಗೆ ನೆಲದ ಹಿಡಿತ ಕಮ್ಮಿ. ಒಣ ರಸ್ತೆಯಲ್ಲಿ ಮುಂದಿನ ಬ್ರೇಕ್ ಕೊಡುವ ತಡೆ, ಹಿಂದಿನ ಗಾಲಿ ಕೊಡುವುದರ ಹೆಚ್ಚುಕಮ್ಮಿ ಎರಡರಷ್ಟು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಒಳ್ಳೆಯ ಮುಂದಿನ ಬ್ರೇಕ್ ಸುಮಾರು 5 ಮೀಟರ್‌ನಲ್ಲಿ ನಿಲ್ಲಿಸಿದರೆ, ಹಿಂದಿನ ಗಾಲಿಯೊಂದೇ ಆದರೆ ಸುಮಾರು 10 ಮೀಟರ್ ಬೇಕು. ಗಾಲಿ ಜಾರಿಸಲು ಮೈ ಮುಂದಕ್ಕೆ ಬಾಗಿಸಿದಾಗ ಇನ್ನೂ ಜಾಸ್ತಿ. ಆ 5 ಮೀಟರ್ ಅಂತರದಲ್ಲಿ ಒಂದು ಮಗು ರಸ್ತೆ ದಾಟುತ್ತಿರಬಹುದು.

ಬ್ರಿಟನ್ನಿನ ಕಾನೂನು ಈ ವಿಷಯವನ್ನು ಸರಿಯಾಗಿ ಹಿಡಿದಿದೆ ಅನ್ನಿಸುತ್ತದೆ. ಫಿಕ್ಸೆಡ್ ಗೇರನ್ನು ಅದು ಹಿಂದಿನ ಬ್ರೇಕ್ ಅಂತ ಒಪ್ಪುತ್ತದೆ, ಆದರೆ ಮುಂದಿನ ಗಾಲಿಗೆ ಬ್ರೇಕ್ ಇರಲೇಬೇಕು ಅನ್ನುತ್ತದೆ. 2016ರಲ್ಲಿ ಲಂಡನ್‌ನಲ್ಲಿ ಮುಂದಿನ ಬ್ರೇಕ್ ಇಲ್ಲದ ಫಿಕ್ಸೆಡ್ ಸೈಕಲ್ ಬಡಿದು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ತೀರಿಕೊಂಡರು. ಮರುವರ್ಷ ಆ ಸವಾರನಿಗೆ 18 ತಿಂಗಳ ಶಿಕ್ಷೆಯಾಯಿತು.

ಹಳೇ ಸೈಕಲ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಸ್ಟೀಲ್ ರಿಮ್ ಮಳೆಯಲ್ಲಿ ನೆನೆದರೆ ಬ್ರೇಕ್ ರಬ್ಬರ್ ಹಿಡಿಯುವುದೇ ಇಲ್ಲ, ಜಾರುತ್ತದೆ. ಅಲ್ಯೂಮಿನಿಯಂ ರಿಮ್ ಹಾಕಿಸಿದರೆ ದೊಡ್ಡ ವ್ಯತ್ಯಾಸ ಕಾಣುತ್ತದೆ. ಜೂನ್ ಬರುವುದರೊಳಗೆ ಮಾಡಿಸಿಬಿಡಿ.

ಹತ್ತಿ ಓಡಿಸುವಾಗ

ನಾವು ಸೈಕಲ್ ಹತ್ತುವ ರೀತಿ ನೆನಪಿಸಿಕೊಳ್ಳಿ. ಎಡ ಪೆಡಲ್ ಮೇಲೆ ಒಂದು ಕಾಲು, ಇನ್ನೊಂದು ಕಾಲಿನಿಂದ ನೆಲ ನೂಕಿ, ಸೈಕಲ್ ಓಡತೊಡಗಿದ ಮೇಲೆ ಕಾಲು ಎತ್ತಿ ಹಾಕಿ ಕೂರುವುದು. ಇಳಿಯುವುದೂ ಹಾಗೇ, ಒಂದೇ ಪೆಡಲ್ ಮೇಲೆ ನಿಂತು ತೇಲುತ್ತಾ ಬಂದು ಅಂಗಡಿ ಮುಂದೆ ಇಳಿಯುವುದು. ಇದೆಲ್ಲ ಫ್ರೀವೀಲ್ ಕೊಟ್ಟ ಸೌಕರ್ಯ. ಫಿಕ್ಸೆಡ್‌ನಲ್ಲಿ ನೂಕಿದ ಕೂಡಲೇ ಆ ಪೆಡಲ್ ಮೇಲೆದ್ದು ಬರುತ್ತದೆ, ಅದರ ಮೇಲೆ ನಿಲ್ಲಲು ಆಗದು. ಸೈಕಲ್ ನಿಂತಿರುವಾಗಲೇ ಕಾಲು ಹಾಕಿ, ಕೂತು ಹೊರಡಬೇಕು. ಪೆಡಲ್ ಕೆಳಗಿದ್ದರೆ ಹಿಂದಕ್ಕೆ ತಿರುಗಿಸಿ ಮೇಲೆ ತರಲೂ ಆಗದು. ಸೀಟು ಹಿಡಿದು ಹಿಂದಿನ ಗಾಲಿಯನ್ನು ಸ್ವಲ್ಪ ಎತ್ತಿ, ಪೆಡಲನ್ನು ಬೇಕಾದಲ್ಲಿಗೆ ತಿರುಗಿಸಿ ಇಟ್ಟುಕೊಳ್ಳಿ.

ಮೊದಲ ದಿನ ಮೈದಾನಕ್ಕೆ ಹೋಗಿ. ಹತ್ತು ನಿಮಿಷ ಚೆನ್ನಾಗಿಯೇ ಇರುತ್ತದೆ. ಆಮೇಲೆ ಕಾಲು ಹಳೇ ಅಭ್ಯಾಸದಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಆಗ ಪೆಡಲ್ ಕಾಲನ್ನು ಎತ್ತಿ ನೂಕುತ್ತದೆ, ಎದೆ ಝಲ್ ಅನ್ನುತ್ತದೆ. ಗಾಬರಿಯಾಗಿ ಕಾಲು ಗಟ್ಟಿ ಮಾಡಬೇಡಿ. ಅದರ ಜೊತೆಗೇ ತಿರುಗಲು ಬಿಡಿ, ಬ್ರೇಕ್‌ನಿಂದ ವೇಗ ತಗ್ಗಿಸಿ. ಒಂದೆರಡು ವಾರದಲ್ಲಿ ಕಾಲು ತಾನಾಗಿ ಕಲಿಯುತ್ತದೆ. ಕಾಲು ಪೆಡಲ್‌ನಿಂದ ಜಾರಿದರೆ ತಿರುಗುತ್ತಿರುವ ಪೆಡಲನ್ನು ಮತ್ತೆ ಹಿಡಿಯುವುದು ಕಷ್ಟ. ಅದಕ್ಕೇ ಪಾದ ಹಿಡಿಯುವ ಪಟ್ಟಿ ಹಾಕಿಸಿ.

ತಿರುವಿನಲ್ಲಿ ಸೈಕಲ್ ವಾಲಿಸಿದಾಗ ಒಳಬದಿಯ ಪೆಡಲನ್ನು ಮೇಲೆ ಹಿಡಿಯಲು ಆಗುವುದಿಲ್ಲ. ಅದು ನೆಲಕ್ಕೆ ತಾಗಿದರೆ ಹಿಂದಿನ ಗಾಲಿ ಎದ್ದುಬಿಡುತ್ತದೆ. ತಿರುವಿಗೆ ಮೊದಲೇ ವೇಗ ತಗ್ಗಿಸಿ. ಪೆಡಲ್ ಕೂರುವ ತೋಳಿಗೆ ಕ್ರ್ಯಾಂಕ್ ಅನ್ನುತ್ತಾರೆ. ಗಿಡ್ಡ ಕ್ರ್ಯಾಂಕ್, ಅಂದರೆ 165 ಮಿ.ಮೀ.ನದು ಹಾಕಿಸಿದರೆ ಸ್ವಲ್ಪ ಅನುಕೂಲ. ಉಬ್ಬುಗಳೂ ಹಾಗೇ. ಪೆಡಲ್ ಅಡ್ಡಕ್ಕೆ ನಿಲ್ಲಿಸಿ ಎದ್ದುನಿಂತು ದಾಟುವ ಹಾಗಿಲ್ಲ. ದೂರದಿಂದಲೇ ನೋಡಿ, ತುಳಿಯುತ್ತಲೇ ಸೀಟಿನಿಂದ ಸ್ವಲ್ಪ ಏಳಬೇಕು. ಹೀಗೆ ರಸ್ತೆಯನ್ನು ಮೊದಲಿಗಿಂತ ಎರಡು ಪಟ್ಟು ಮುಂದಕ್ಕೆ ನೋಡುತ್ತೀರಿ. ಈ ಸೈಕಲ್ ನನಗೆ ಇಷ್ಟವಾಗಲು ಇದೂ ಒಂದು ಕಾರಣ.

ಪಂಚೆ, ದುಪಟ್ಟಾ, ಸಡಿಲ ಪ್ಯಾಂಟು, ಉದ್ದದ ಶೂ ದಾರ ಬೇಡ. ಸಾಮಾನ್ಯ ಸೈಕಲ್‌ನಲ್ಲಿ ಬಟ್ಟೆ ಚೈನಿಗೆ ಸಿಕ್ಕಿದರೆ ಕಾಲು ನಿಲ್ಲಿಸಿ ಬಿಡಿಸಿಕೊಳ್ಳಬಹುದು. ಇಲ್ಲಿ ಚೈನ್ ಎಳೆದುಕೊಳ್ಳುತ್ತಲೇ ಹೋಗುತ್ತದೆ. ಇದಕ್ಕಿಂತ ಮುಖ್ಯವಾದದ್ದು ಬೆರಳು. ಸ್ಟ್ಯಾಂಡ್ ಹಾಕಿ, ಪೆಡಲ್ ತಿರುಗಿಸುತ್ತಾ ಬಟ್ಟೆಯಿಂದ ಚೈನ್ ಒರೆಸುವುದು ನಮ್ಮ ರೂಢಿ. ಫಿಕ್ಸೆಡ್‌ನಲ್ಲಿ ಗಾಲಿ ಒಮ್ಮೆ ವೇಗ ಹಿಡಿದರೆ ಕೈ ಸಿಕ್ಕಿದರೂ ಚೈನ್ ನಿಲ್ಲುವುದಿಲ್ಲ. ಬೆರಳು ತುಂಡಾಗುತ್ತದೆ. ಗಾಲಿ ನಿಲ್ಲಿಸಿ, ಒಂದು ಗೇಣು ಒರೆಸಿ, ಸ್ವಲ್ಪ ಮುಂದೆ ಸರಿಸಿ, ಮತ್ತೆ ಒರೆಸಿ. ಮನೆಯಲ್ಲಿ ಮಕ್ಕಳಿದ್ದರೆ ಸ್ಟ್ಯಾಂಡ್ ಮೇಲೆ ಗಾಲಿ ತಿರುಗಿಸುವ ಆಟ ಆಡಲು ಬಿಡಲೇಬೇಡಿ.

ಎರಡು ಬದಿಯ ಗಾಲಿ

ಈಗ ಆ ಹಳೇ ರೇಸಿನ ಗಾಲಿಗೆ ಬರೋಣ. ಫ್ಲಿಪ್ ಫ್ಲಾಪ್ ಹಬ್ ಅಂತ ಸಿಗುತ್ತದೆ. ಒಂದು ಬದಿಗೆ ಫ್ರೀವೀಲ್, ಇನ್ನೊಂದು ಬದಿಗೆ ಲಾಕ್‌ರಿಂಗ್ ಸಮೇತ ಗಟ್ಟಿ ಚಕ್ರ. ಮೊದಲ ಸಲ ಕಟ್ಟುವವರಿಗೆ ನಾನು ಹೇಳುವುದು ಇದನ್ನೇ. ಎರಡು ತಿಂಗಳು ಸಿಂಗಲ್ ಸ್ಪೀಡ್ ಆಗಿ ಓಡಿಸಿ. ಆ ಹೊತ್ತಿಗೆ ನಿಮ್ಮ ಗೇರು ಭಾರವೋ ಹಗುರವೋ ಅಂತ ಮಂಡಿ ಹೇಳಿರುತ್ತದೆ. ಆಮೇಲೆ ಗಾಲಿ ತಿರುಗಿಸಿ ಹಾಕಿ.

ಎರಡೂ ಬದಿಗೆ ಒಂದೇ ಸಂಖ್ಯೆಯ ಹಲ್ಲು ಇದ್ದರೆ ಗಾಲಿ ಮೊದಲಿದ್ದ ಜಾಗದಲ್ಲೇ ಕೂರುತ್ತದೆ. ಒಂದು ಹಲ್ಲು ವ್ಯತ್ಯಾಸ ಇದ್ದರೆ ಎಕ್ಸೆಲ್ ಸುಮಾರು 3 ಮಿ.ಮೀ. ಹಿಂದೆ ಮುಂದೆ ಸರಿಯುತ್ತದೆ. ಆಗ ಹಿಂದಿನ ಬ್ರೇಕ್ ರಬ್ಬರ್ ರಿಮ್ಮಿನ ಮೇಲೆ ಸರಿಯಾಗಿ ಕೂತಿದೆಯಾ ಅಂತ ನೋಡಿ, ಟೈರಿಗೆ ತಾಗುತ್ತಿದ್ದರೆ ಸರಿಪಡಿಸಿ. ಗಟ್ಟಿ ಚಕ್ರ ಕೂರಿಸುವಾಗ ತಿರುಪಿಗೆ ಗ್ರೀಸ್ ಹಚ್ಚಿ. ಮೊದಲು ಚಕ್ರ ಬಿಗಿದು, ಮೇಲೆ ಲಾಕ್‌ರಿಂಗ್ ಬಿಗಿಯಿರಿ. ಸಮತಟ್ಟಾದ ರಸ್ತೆಯಲ್ಲಿ, ಬ್ರೇಕ್ ಮಾತ್ರ ಬಳಸಿ, ಕಾಲು ತಡೆಯದೆ ಅರ್ಧ ಗಂಟೆ ಓಡಿಸಿ. ತುಳಿತಕ್ಕೆ ಚಕ್ರ ಇನ್ನಷ್ಟು ಒಳಗೆ ಸರಿದು ಬಿಗಿಯಾಗಿರುತ್ತದೆ, ಲಾಕ್‌ರಿಂಗ್‌ಗೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಬಿದ್ದಿರುತ್ತದೆ. ಮನೆಗೆ ಬಂದು ಲಾಕ್‌ರಿಂಗನ್ನು ಎಡಕ್ಕೆ ತಿರುಗಿಸಿ ಮತ್ತೊಮ್ಮೆ ಬಿಗಿಯಿರಿ. ಕಾಲು ತಡೆದು ನೋಡುವುದು ಅದಾದ ಮೇಲೆ.